ಅರಿಯುವ ಮುಂಚೆ ಮಾಡುವದು ನ್ಯಾಯವೋ?

ಒಂದು ಕಾರ್ಯದ ನಿಜಸ್ಥಿತಿಯನ್ನು ತಿಳಿಯದೆ ಅದರಲ್ಲಿ ಕೈಹಾಕುವವನನ್ನು ಅವಿವೇಕಿ ಎಂದು ಕರೆಯುವದು ವಾಡಿಕೆ. ಹೊಲದ ಮೇರೆಯನ್ನರಿಯದೆ ಉಳುವವನು ನೆರೆಯವನೊಡನೆ ವ್ಯಾಜ್ಯಕ್ಕೆ ಕಾರಣನಾಗುವನು. ಎರಡೂ ಕಡೆಯವರ ಮಾತನ್ನು ಕೇಳದೆ ತೀರ್ಪು ಹೇಳುವ ಪಂಚನು ನಿರಪರಾಧಿಗೆ ದಂಡ ಹಾಕುವನು. ಆದಕಾರಣ ಮೊದಲು ತಿಳಿದುಕೊಂಡು ಆಮೇಲೆ ಮಾಡಬೇಕೆಂದು ನಾವು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಆದರೆ ತಿಳಿಯುವ ತನಕ ಕಾದುಕೊಂಡರೆ ಒಂದು ಪ್ರಾಣವೇ ಹೋಗುವದಾದರೆ ಏನು ಮಾಡತಕ್ಕದ್ದು? ತಿಳಿಯದೆ ಮಾಡುವದು ತಪ್ಪೋ, ತಿಳಿಯುವದಕ್ಕಾಗಿ ಸುಮ್ಮನಿರುವದು ತಪ್ಪೋ? ಈ ಪ್ರಶ್ನೆಯು ಪಂಡಿತರ ವಾದಕ್ಕಾಗಿ ಮಾತ್ರ ಕಲ್ಪಿಸಲ್ಪಟ್ಟದ್ದೆಂದು ಯಾರೂ ನೆನಸಬಾರದು. ರಕ್ತಕ್ಕೆ ನಂಜೇರಿದ ರೋಗಿಯ ಮಂಚದ ಬಳಿಯಲ್ಲಿ ಇದು ದಿನಾಲೂ ಏಳುತ್ತದೆ. ಅಂಥ ರೋಗಿಯ ರಕ್ತದಲ್ಲಿ ಸೇರಿದ ಬ್ಯಾಕ್ಟೀರಿಯ ಯಾವದೆಂಬದನ್ನು ಅದರ ವಂಶದ ಅಕ್ಷರಗಳನ್ನೇ ಓದಿ ಬೇಗನೆ ತಿಳಿಯುವ ಉಪಾಯವು ಈ ಕಾಲದಲ್ಲಿ ದೊರಕಿರುವದರಿಂದ, ಈ ಪ್ರಶ್ನೆಯನ್ನು ಹೊಸದಾಗಿ ವಿಚಾರಿಸುವದು ಯುಕ್ತವಾಗಿದೆ.

ರಕ್ತಕ್ಕೆ ನಂಜೇರುವದೆಂದರೇನು? ನಮ್ಮ ಚರ್ಮದ ಮೇಲೆಯೂ ಕರುಳಿನೊಳಗೂ ಕಣ್ಣಿಗೆ ಕಾಣದ ಅಸಂಖ್ಯ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ತಮ್ಮ ತಮ್ಮ ಸ್ಥಳದಲ್ಲಿರುವಾಗ ಅವುಗಳಲ್ಲಿ ಹೆಚ್ಚಿನವು ನಮಗೆ ಕೇಡುಮಾಡವು. ಆದರೆ ಕುಡುಗೋಲಿನಿಂದಾದ ಗಾಯ, ಮೂತ್ರದ ಸೋಂಕು, ಪುಪ್ಪುಸದ ರೋಗ, ಹೆರಿಗೆಯ ಹೊತ್ತಿನಲ್ಲಿ ಶುಚಿಯಿಲ್ಲದ ಕೈ, ಕೂಸಿನ ಹೊಕ್ಕುಳು, ಆಸ್ಪತ್ರೆಯಲ್ಲಿ ನರಕ್ಕೆ ಹಾಕಿದ ನಳಿಗೆ, ಇಂಥ ಬಾಗಿಲುಗಳ ಮೂಲಕ ಕೆಲವು ರಕ್ತವನ್ನು ಸೇರಿ ಮೈಯೆಲ್ಲಾ ಹರಡುವದುಂಟು. ಆಗ ದೇಹವು ಅವುಗಳೊಡನೆ ಹೋರಾಡುವ ಭರದಲ್ಲಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವದು. ನಡುಗುವ ಜ್ವರ, ಏದುಸಿರು, ಮೂತ್ರ ಕಡಿಮೆಯಾಗುವದು, ಮನಸ್ಸಿಗೆ ಮಂಕು ಕವಿಯುವದು, ಇವು ಅದರ ಗುರುತುಗಳು. ವೈದ್ಯರು ಈ ಸ್ಥಿತಿಯನ್ನು ಸೆಪ್ಸಿಸ್ ಎನ್ನುತ್ತಾರೆ. 2017ನೆಯ ಒಂದೇ ವರುಷದಲ್ಲಿ ಲೋಕದಲ್ಲೆಲ್ಲಾ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಈ ಸ್ಥಿತಿಯುಂಟಾಗಿ, ಅವರಲ್ಲಿ ಸುಮಾರು 1 ಕೋಟಿ 10 ಲಕ್ಷ ಮಂದಿ ಮರಣ ಹೊಂದಿದರೆಂದು 2020ರಲ್ಲಿ ಪ್ರಕಟವಾದ ಲೆಕ್ಕವು ತಿಳಿಸುತ್ತದೆ.

ಇದಕ್ಕೆ ಔಷಧವಿಲ್ಲವೆಂದಲ್ಲ. ಆಂಟಿಬಯೋಟಿಕ್ ಎಂದು ಕರೆಯಲ್ಪಡುವ ಔಷಧಗಳು ಅನೇಕ ಇವೆ. ಕಷ್ಟವೇನಂದರೆ, ಒಂದು ಜಾತಿಯ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧವು ಇನ್ನೊಂದು ಜಾತಿಯನ್ನು ಮುಟ್ಟುವದೇ ಇಲ್ಲ. ಜ್ವರವಾದರೋ ತನ್ನನ್ನು ತಂದವನ ಹೆಸರನ್ನು ಹೇಳುವದಿಲ್ಲ. ಹೆಸರನ್ನು ಕಂಡುಹಿಡಿಯುವದಕ್ಕೆ ಹಳೆಯ ಮಾರ್ಗವು ರಕ್ತದ ಕಲ್ಚರ್. ರೋಗಿಯ ರಕ್ತವನ್ನು ಬ್ಯಾಕ್ಟೀರಿಯಗಳಿಗೆ ಆಹಾರವಾಗುವ ದ್ರವವುಳ್ಳ ಬಾಟಲಿಗಳಲ್ಲಿ ಹಾಕಿ, ಬೆಚ್ಚಗಿಟ್ಟು, ಅವು ಬೆಳೆಯುವ ತನಕ ಕಾಯುತ್ತಾರೆ. ಬೆಳೆದವುಗಳಿಗೆ 1884ರಲ್ಲಿ ಗ್ರಾಂ ಎಂಬ ವೈದ್ಯನು ಕಂಡುಹಿಡಿದ ಬಣ್ಣವನ್ನು ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡು ದೊಡ್ಡ ಪಂಗಡಗಳಲ್ಲಿ ಯಾವದಕ್ಕೆ ಸೇರಿದವೆಂದು ತಿಳಿಯುತ್ತಾರೆ. ಬಾಟಲಿಯಲ್ಲಿ ಬೆಳೆ ಕಾಣುವದಕ್ಕೆ ಹೆಚ್ಚಾಗಿ ಒಂದೆರಡು ದಿನಗಳು ಹಿಡಿಯುವವು. ಪೂರ್ಣವಾದ ಹೆಸರನ್ನೂ ಯಾವ ಔಷಧಕ್ಕೆ ಬಗ್ಗುವದೆಂಬದನ್ನೂ ತಿಳಿಯುವದಕ್ಕೆ ಮತ್ತೂ ಒಂದೆರಡು ದಿನಗಳು ಬೇಕು.

ರೋಗಿಯು ಅಷ್ಟು ದಿನ ಕಾಯಬಲ್ಲನೋ? ರಕ್ತದೊತ್ತಡವು ಕುಸಿದ ಸೆಪ್ಸಿಸ್ ರೋಗಿಗಳ ವೃತ್ತಾಂತವನ್ನು ಕೆನಡಾ ಮತ್ತು ಅಮೆರಿಕ ದೇಶಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದವರು ಕಂಡದ್ದೇನಂದರೆ, ಮೊದಲ ಆರು ಗಂಟೆಗಳಲ್ಲಿ ತಕ್ಕ ಔಷಧವು ಒಂದೊಂದು ಗಂಟೆ ತಡವಾದ ಹಾಗೆಲ್ಲಾ ಬದುಕುವವರ ಪ್ರಮಾಣವು ಸರಾಸರಿ 100ಕ್ಕೆ 7.6ರಷ್ಟು ಇಳಿಯುತ್ತಾ ಬಂತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ನಾವು ನಗುತ್ತೇವೆ. ಆದದರಿಂದ ವೈದ್ಯರು ರಕ್ತವನ್ನು ಬಾಟಲಿಗೆ ತೆಗೆದುಕೊಂಡ ಕೂಡಲೆ, ಹೆಸರಿಗಾಗಿ ಕಾಯದೆ, ಹಲವು ಜಾತಿಗಳನ್ನು ಒಟ್ಟಿಗೆ ಹೊಡೆಯುವ ಬಲವಾದ ಔಷಧವನ್ನು ಆರಂಭಿಸುತ್ತಾರೆ. ಇದು ನ್ಯಾಯವೋ ಎಂದು ಕೇಳಿದರೆ, ನ್ಯಾಯವೇ ಎಂದು ಸಂದೇಹವಿಲ್ಲದೆ ಹೇಳಬಹುದು. ತಿಳಿಯದಿರುವದು ವೈದ್ಯನ ತಪ್ಪಲ್ಲ. ಸುಮ್ಮನಿದ್ದರೆ ಬರುವ ಕೇಡು ಮಾಡುವದರಿಂದ ಬರಬಹುದಾದ ಕೇಡಿಗಿಂತ ಬಹಳ ದೊಡ್ಡದು.

ಆದರೂ ಈ ಅನುಮತಿಗೆ ಒಂದು ಅಳತೆಯುಂಟು. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂಚನೆಗಳ ಪ್ರಕಾರ, ರಕ್ತದೊತ್ತಡ ಕುಸಿದಿದ್ದರೆ, ಇಲ್ಲವೆ ಸೆಪ್ಸಿಸ್ ಎಂಬದು ಬಹುಮಟ್ಟಿಗೆ ನಿಶ್ಚಯವಾಗಿದ್ದರೆ, ಒಂದು ಗಂಟೆಯೊಳಗೆ ಔಷಧ ಕೊಡತಕ್ಕದ್ದು. ಸಂದೇಹ ಮಾತ್ರವಿದ್ದು ರಕ್ತದೊತ್ತಡ ಕುಸಿಯದಿದ್ದರೆ ಬೇಗನೆ ವಿಚಾರಿಸಿ ನೋಡಬೇಕು. ಆಮೇಲೂ ಸಂದೇಹ ಉಳಿದರೆ ಮೂರು ಗಂಟೆಯೊಳಗೆ ಕೊಡತಕ್ಕದ್ದು. ಇಲ್ಲಿರುವ ವಿವೇಕವನ್ನು ಗಮನಿಸಿರಿ. ಅಪಾಯವು ದೊಡ್ಡದಾದಷ್ಟು ತಿಳಿಯದೆ ಮಾಡುವ ಅಧಿಕಾರವು ಹೆಚ್ಚುತ್ತದೆ. ಅಪಾಯವು ಕಡಿಮೆಯಾದಷ್ಟು ತಿಳಿದುಕೊಳ್ಳುವ ಹೊಣೆಯು ಭಾರವಾಗುತ್ತದೆ.

ಹಾಗಾದರೆ ಪ್ರಶ್ನೆಯು ಇಲ್ಲಿಗೇ ತೀರಿತೆಂದು ಯಾರಾದರೂ ನೆನಸಬಹುದು. ತೀರಲಿಲ್ಲ. ಯಾಕಂದರೆ ಆ ಬಲವಾದ ಔಷಧಕ್ಕೆ ಕ್ರಯವುಂಟು, ಮತ್ತು ಆ ಕ್ರಯವನ್ನು ಕೊಡುವವನು ರೋಗಿಯೊಬ್ಬನೇ ಅಲ್ಲ. ಔಷಧವು ಕರುಳಿನಲ್ಲಿರುವ ನಿರಪಾಯವಾದ ಬ್ಯಾಕ್ಟೀರಿಯಗಳನ್ನೂ ಕೊಲ್ಲುವದು. ಕೊಲ್ಲಲ್ಪಡದೆ ಉಳಿದವು ಔಷಧಕ್ಕೆ ಬಗ್ಗದವುಗಳಾಗಿ ಹೆಚ್ಚುವವು. ಕೈಯಿಂದ ಕೈಗೆ, ಮಂಚದಿಂದ ಮಂಚಕ್ಕೆ ದಾಟುವವು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನು 1945ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದಾಗಲೇ, ಔಷಧವನ್ನು ಸಾಲದಷ್ಟು ಪ್ರಮಾಣದಲ್ಲಿ ತಕ್ಕೊಳ್ಳುವವರು ಅದಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸಿ ಇತರರಿಗೆ ದಾಟಿಸುವರೆಂದು ಎಚ್ಚರಿಸಿದನು. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳೇ ಕಾರಣವಾಗಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು 2022ರಲ್ಲಿ ಲೆಕ್ಕ ಕಟ್ಟಲ್ಪಟ್ಟಿತು. ನಮ್ಮ ದೇಶದ ಸಂಗತಿಯೂ ಹೀಗೆಯೇ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳನ್ನು ಕುರಿತು 2011ರಿಂದ 2014ರ ವರೆಗೆ ನಡೆದ ವಿಚಾರಣೆಯಲ್ಲಿ, ನಂಜಿಗೆ ಕಾರಣವಾದ ಅಸಿನೆಟೋಬ್ಯಾಕ್ಟರ್ ಎಂಬ ಜಾತಿಯು 222 ಸಾರಿ ಸಿಕ್ಕಿತು. ಅವುಗಳಲ್ಲಿ 181 ಹಲವು ವರ್ಗದ ಔಷಧಗಳಿಗೆ ಬಗ್ಗದವುಗಳಾಗಿದ್ದವು. ಆ ಕೂಸುಗಳು ತಮ್ಮ ಆಯುಸ್ಸಿನಲ್ಲಿ ಒಂದು ಗುಳಿಗೆಯನ್ನೂ ದುರುಪಯೋಗ ಮಾಡಿದವುಗಳಲ್ಲ.

ಇದನ್ನು ಒಂದು ಸಾಮ್ಯದಿಂದ ತಿಳಿಯೋಣ. ನಡುರಾತ್ರಿಯಲ್ಲಿ ಊರಿನ ಒಂದು ಮನೆಗೆ ಬೆಂಕಿ ಹತ್ತಿತು. ಯಾವ ಕಾಲುವೆಯಿಂದ ಅಲ್ಲಿಗೆ ನೀರು ಬೇಗ ಮುಟ್ಟುವದೆಂದು ಕತ್ತಲಲ್ಲಿ ತಿಳಿಯದ ನೀರುಗಂಟಿಯು ಕೆರೆಯ ಎಲ್ಲಾ ತೂಬುಗಳನ್ನೂ ಎತ್ತಿಬಿಟ್ಟನು. ಮನೆಯು ಉಳಿಯಿತು. ಅವನನ್ನು ಯಾರೂ ದೂರಲಿಲ್ಲ. ಆದರೆ ಬೆಳಗಾಗಿ, ಬೇಕಾದ ಕಾಲುವೆ ಯಾವದೆಂದು ಎಲ್ಲರ ಕಣ್ಣಿಗೆ ಕಂಡ ಮೇಲೆಯೂ, ಅವನು ಮಿಕ್ಕ ತೂಬುಗಳನ್ನು ಮುಚ್ಚದೆ ಮನೆಯಲ್ಲಿ ಮಲಗಿಕೊಂಡರೆ? ಕೆರೆಯು ಇಡೀ ಊರಿನದು. ಬೇಸಗೆಯಲ್ಲಿ ಇನ್ನೊಂದು ಮನೆಗೆ ಬೆಂಕಿ ಬಿದ್ದರೆ ನೀರಿಲ್ಲ. ರಾತ್ರಿಯಲ್ಲಿ ಎತ್ತಿದ್ದು ಯಾವ ಕೈಯೋ, ಬೆಳಿಗ್ಗೆ ಮುಚ್ಚದೆ ಹೋದದ್ದೂ ಅದೇ ಕೈ. ಆದಾಗ್ಯೂ ಮೊದಲನೆಯದು ಕರ್ತವ್ಯ, ಎರಡನೆಯದು ಅಪರಾಧ. ಆಂಟಿಬಯೋಟಿಕ್ ಔಷಧಗಳ ಬಲವು ಅಂಥ ಊರಕೆರೆಯಾಗಿದೆ. ರೋಗಾಣುವಿನ ಹೆಸರು ತಿಳಿಯುವ ಗಳಿಗೆಯೇ ಆ ಬೆಳಗು.

ಆ ಬೆಳಗನ್ನು ಬೇಗನೆ ತರುವದಕ್ಕೆ ಹೊಸ ಉಪಾಯವು ಹೇಗೆ ನೆರವಾಗುತ್ತದೆಂಬದನ್ನು ನೋಡೋಣ. ಪ್ರತಿಯೊಂದು ಜೀವಿಯ ಒಳಗೆ ಡಿ.ಎನ್.ಎ. ಎಂಬ ನೂಲಿನಂಥ ಎಳೆಯುಂಟು. ಅದರಲ್ಲಿ ಎ, ಟಿ, ಜಿ, ಸಿ ಎಂದು ಹೆಸರುಗೊಂಡ ನಾಲ್ಕೇ ಅಕ್ಷರಗಳು ನಾನಾ ಕ್ರಮದಲ್ಲಿ ಜೋಡಿಸಲ್ಪಟ್ಟಿವೆ. ಆ ಕ್ರಮವು ಒಂದೊಂದು ಜಾತಿಗೆ ಒಂದೊಂದು ವಿಧವಾಗಿದೆ. ಒಂದು ಬ್ಯಾಕ್ಟೀರಿಯದ ಸಮಸ್ತ ಅಕ್ಷರಕ್ರಮವು ಮೊದಲನೆಯ ಸಾರಿ ಓದಲ್ಪಟ್ಟದ್ದು 1995ರಲ್ಲಿ. ಅದರಲ್ಲಿ ಸುಮಾರು 18 ಲಕ್ಷ ಅಕ್ಷರಗಳಿದ್ದವು. ಈಗ ಎರಡು ವಿಧದ ಪರೀಕ್ಷೆಗಳಿವೆ. ಒಂದನೆಯದರಲ್ಲಿ, ಮೊದಲೇ ಪಟ್ಟಿಮಾಡಿದ ಕೆಲವು ಜಾತಿಗಳ ಅಕ್ಷರತುಣುಕುಗಳನ್ನು ಮಾತ್ರ ಹುಡುಕುತ್ತಾರೆ. ಇದು ಹಾಜರಿ ಪುಸ್ತಕವನ್ನು ಹಿಡಿದು ಹೆಸರು ಕೂಗಿದ ಹಾಗೆ. ಎರಡನೆಯದು ಸೀಕ್ವೆನ್ಸಿಂಗ್, ಇದರಲ್ಲಿ ಸಿಕ್ಕಿದ ಅಕ್ಷರಗಳನ್ನೆಲ್ಲಾ ಓದುತ್ತಾ ಹೋಗುವದರಿಂದ, ಪಟ್ಟಿಯಲ್ಲಿಲ್ಲದ ಅಪರಿಚಿತನೂ ಸಿಕ್ಕಿಬೀಳುವನು. 2014ರಿಂದ ಸಂಶೋಧಕರ ಕೈಸೇರಿದ ಒಂದು ಚಿಕ್ಕ ಯಂತ್ರದಲ್ಲಿ, ಎಳೆಯು ಅತಿ ಸೂಕ್ಷ್ಮವಾದ ರಂಧ್ರದಲ್ಲಿ ತೂರಿಹೋಗುವಾಗ ವಿದ್ಯುತ್ತಿನ ಹರಿವು ಅಕ್ಷರಕ್ಕೆ ತಕ್ಕಂತೆ ಏರಿಳಿಯುವದು. ಆ ಏರಿಳಿತವನ್ನು ಆಗಿಂದಾಗಲೇ ಓದಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಯಂತ್ರವನ್ನು 2015ರಲ್ಲಿ ಆಫ್ರಿಕದ ಗಿನಿ ದೇಶಕ್ಕೆ ಒಯ್ದು, ಎಬೋಲಾ ವೈರಸ್ಸಿನ ಅಕ್ಷರಗಳನ್ನು ಮಾದರಿ ಕೈಸೇರಿದ 24 ಗಂಟೆಗಳೊಳಗೆ ಓದಿದರು.

ರಕ್ತದ ವಿಷಯದಲ್ಲಿ ಒಂದು ವಿಶೇಷ ಕಷ್ಟವುಂಟು. ನಂಜೇರಿದ ವಯಸ್ಕನ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ಸಾರಿ ಹತ್ತು ಬ್ಯಾಕ್ಟೀರಿಯಗಳೂ ಇರುವದಿಲ್ಲ. ಅಷ್ಟೇ ರಕ್ತದಲ್ಲಿ ಅವನ ಸ್ವಂತ ಬಿಳಿಯ ಕಣಗಳು 40 ಲಕ್ಷಕ್ಕೆ ಕಡಿಮೆಯಿಲ್ಲದೆ ಇರುವದು ಸಾಮಾನ್ಯ. ಅವುಗಳಲ್ಲಿ ಒಂದೊಂದರಲ್ಲಿಯೂ ಸುಮಾರು 600 ಕೋಟಿ ಅಕ್ಷರಗಳು. ಒಂದು ಇ. ಕೋಲೈ ಬ್ಯಾಕ್ಟೀರಿಯದಲ್ಲಾದರೋ ಸುಮಾರು 46 ಲಕ್ಷ ಅಕ್ಷರಗಳು ಮಾತ್ರ. ಹೊಟ್ಟಿನ ರಾಶಿಯಲ್ಲಿ ಒಂದು ಸಾಸಿವೆ ಕಾಳನ್ನು ಹುಡುಕುವದು ಇದಕ್ಕಿಂತ ಸುಲಭ. ಆದಕಾರಣ ಬಾಟಲಿಯಲ್ಲಿ ಬೆಳೆ ಕಾಣಿಸಿದ ಮೇಲೆ ಅದರಿಂದ ತೆಗೆದು ಓದುವದೇ ಹೆಚ್ಚು ಸುಲಭವಾಗಿದೆ. ಹೀಗೆ ಓದಿದರೆ ದಿನಗಳ ಕೆಲಸವು ಗಂಟೆಗಳಲ್ಲಿ ಮುಗಿಯುವದು. ನೇರವಾಗಿ ರಕ್ತದಿಂದಲೇ ಓದುವ ಪರೀಕ್ಷೆಗಳೂ ಹುಟ್ಟಿವೆ, ಆದರೆ ಅವುಗಳ ಖರ್ಚು ಬಹಳ.

ಹೆಸರನ್ನು ತಿಳಿಯುವದರಿಂದ ಎಷ್ಟು ಉಪಕಾರವಾಗುವದೆಂಬದಕ್ಕೆ 2014ರಲ್ಲಿ ಪ್ರಕಟವಾದ ಒಂದು ವೃತ್ತಾಂತವು ಸಾಕ್ಷಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ, ಹುಟ್ಟಿನಿಂದಲೇ ರೋಗವನ್ನು ತಡೆಯುವ ಶಕ್ತಿ ಕಡಿಮೆಯಾಗಿದ್ದ 14 ವರುಷದ ಹುಡುಗನು ಜ್ವರದಿಂದಲೂ ತಲೆನೋವಿನಿಂದಲೂ ನಾಲ್ಕು ತಿಂಗಳೊಳಗೆ ಮೂರು ಸಾರಿ ಆಸ್ಪತ್ರೆಗೆ ಸೇರಿಸಲ್ಪಟ್ಟನು. ಕಡೆಗೆ ಮಿದುಳಿಗೂ ರೋಗ ಹತ್ತಿತು. ಎಷ್ಟು ಪರೀಕ್ಷಿಸಿದರೂ ಕಾರಣವು ಸಿಕ್ಕಲಿಲ್ಲ. ಇಲ್ಲಿ ಪರೀಕ್ಷಿಸಲ್ಪಟ್ಟದ್ದು ಬೆನ್ನುಹುರಿಯ ನೀರು. ಆದರೂ ಓದುವ ವಿಧಾನವು ಒಂದೇ. ಕ್ಯಾಲಿಫೋರ್ನಿಯದ ಪ್ರಯೋಗಶಾಲೆಯಲ್ಲಿ ಆ ನೀರಿನಿಂದ 30,63,784 ಅಕ್ಷರತುಣುಕುಗಳನ್ನು ಓದಿದಾಗ, ಅವುಗಳಲ್ಲಿ 475 ತುಣುಕುಗಳು ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಕ್ಕೆ ಸೇರಿದವೆಂದು 48 ಗಂಟೆಗಳೊಳಗೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಗದ್ದೆಯ ಕೆಸರಿನಲ್ಲಿ ಕೆಲಸಮಾಡುವವರಿಗೆ ಇಲಿಜ್ವರವನ್ನು ತರುವದು ಇದೇ ಕುಲದ ಜೀವಿ. ಔಷಧವು ಯಾವದು? ಎಲ್ಲಾ ಕಡೆ ದೊರೆಯುವ ಹಳೆಯ ಪೆನಿಸಿಲಿನ್. ಅದನ್ನು ಕೊಟ್ಟರು, ಹುಡುಗನು ಚೇತರಿಸಿಕೊಂಡನು. ಔಷಧವು ಕಪಾಟಿನಲ್ಲಿದ್ದೇ ಇತ್ತು. ಹೆಸರು ಮಾತ್ರ ಇರಲಿಲ್ಲ.

ಇದನ್ನು ಕೇಳಿದವರು, ಬೇಗನೆ ತಿಳಿಯುವ ಯಂತ್ರವು ಬಂದರೆ ಕೇಡೆಲ್ಲಾ ತೀರುವದೆಂದು ಹೇಳಿಯಾರು. ಅವರು ಇನ್ನೊಂದು ವೃತ್ತಾಂತವನ್ನೂ ಕೇಳಬೇಕು. ಅಮೆರಿಕದ ಮೇಯೋ ಕ್ಲಿನಿಕ್ ಎಂಬ ಆಸ್ಪತ್ರೆಯಲ್ಲಿ, ರಕ್ತದ ಬಾಟಲಿಯಲ್ಲಿ ಬ್ಯಾಕ್ಟೀರಿಯ ಬೆಳೆದ 617 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿ, ಫಲವನ್ನು 2015ರಲ್ಲಿ ಪ್ರಕಟಿಸಿದರು. ಅಲ್ಲಿ ಉಪಯೋಗಿಸಲ್ಪಟ್ಟದ್ದು ಮೇಲೆ ಹೇಳಿದ ಹಾಜರಿ ಕೂಗುವ ವಿಧದ ಪರೀಕ್ಷೆ. ಹಳೆಯ ಮಾರ್ಗದಲ್ಲಿ ಹೆಸರು ತಿಳಿಯುವದಕ್ಕೆ 22.3 ಗಂಟೆ ಹಿಡಿದರೆ, ಹೊಸ ಮಾರ್ಗದಲ್ಲಿ 1.3 ಗಂಟೆ ಸಾಕಾಯಿತು. ಆದರೆ ಅನಾವಶ್ಯಕವಾದ ಬಲವಾದ ಔಷಧವನ್ನು ಇಳಿಸುವದಕ್ಕೆ ಎಷ್ಟು ಹೊತ್ತು ಹಿಡಿಯಿತು? ಹಳೆಯ ಮಾರ್ಗದ ಗುಂಪಿನಲ್ಲಿ 34 ಗಂಟೆ. ಬೇಗನೆ ಹೆಸರು ತಿಳಿಸಲ್ಪಟ್ಟ ಗುಂಪಿನಲ್ಲಿ 38 ಗಂಟೆ. ಬೇಗನೆ ತಿಳಿಸಿದ್ದಲ್ಲದೆ, ಔಷಧದ ವಿಷಯದಲ್ಲಿ ಪರಿಣತರಾದವರು ಆ ಕ್ಷಣವೇ ರೋಗಿಯ ವೈದ್ಯನಿಗೆ ಆಲೋಚನೆ ಹೇಳಿದ ಮೂರನೆಯ ಗುಂಪಿನಲ್ಲಿ ಮಾತ್ರ ಅದು 21 ಗಂಟೆಗೆ ಇಳಿಯಿತು. ಸತ್ತವರ ಸಂಖ್ಯೆಯಲ್ಲಾದರೋ ಮೂರು ಗುಂಪುಗಳಿಗೂ ಗಣನೀಯವಾದ ಭೇದವಿರಲಿಲ್ಲ.

ವಾಚಕರೇ, ಈ ಅಂಕಿಗಳನ್ನು ಚೆನ್ನಾಗಿ ಯೋಚಿಸಿರಿ. ದೀಪವು ಬೇಗನೆ ತರಲ್ಪಟ್ಟಿತು. ಆದರೂ ತೂಬನ್ನು ಮುಚ್ಚುವ ಕೈಯು ಮೊದಲಿಗಿಂತ ಬೇಗನೆ ಏಳಲಿಲ್ಲ. ಯಾಕೆ? ಗುಣವಾಗುತ್ತಿರುವ ರೋಗಿಯ ಔಷಧವನ್ನು ಬದಲಿಸುವದಕ್ಕೆ ಧೈರ್ಯ ಬೇಕು. ನಡೆಯುತ್ತಿರುವದು ನಡೆಯಲಿ ಎಂಬ ಮಾತು ಎಲ್ಲರಿಗೂ ಸುಲಭವಾದದ್ದು. ಇದರಿಂದ ನಮಗೆ ತಿಳಿದುಬರುವದೇನಂದರೆ, ತಿಳುವಳಿಕೆಯು ತಾನಾಗಿ ಯಾರನ್ನೂ ನ್ಯಾಯವಂತನನ್ನಾಗಿ ಮಾಡುವದಿಲ್ಲ. ಅದು ಅರಿಯದವನಿಗಿದ್ದ ನೆಪವನ್ನು ತೆಗೆದುಹಾಕುವದು, ಅಷ್ಟೇ. ಹೆಸರು ತಿಳಿಯುವದಕ್ಕೆ ನಾಲ್ಕು ದಿನ ಬೇಕಾಗಿದ್ದಾಗ ನಾಲ್ಕು ದಿನ ಎಲ್ಲಾ ತೂಬುಗಳನ್ನೂ ಎತ್ತಿಟ್ಟವನು ನಿರ್ದೋಷಿ. ಅದೇ ದಿನ ತಿಳಿಯಬಹುದಾದಾಗ ನಾಲ್ಕು ದಿನ ಎತ್ತಿಟ್ಟವನು ಉತ್ತರ ಕೊಡಬೇಕಾದವನು.

ಇದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು: ಅಕ್ಷರಗಳನ್ನು ಓದಿ ತಿಳಿದ ಹೆಸರನ್ನು ಪೂರಾ ನಂಬಬಹುದೋ? ಆಕ್ಷೇಪವು ಸರಿಯಾದದ್ದೇ. ಸತ್ತ ಬ್ಯಾಕ್ಟೀರಿಯದ ಡಿ.ಎನ್.ಎ.ಯೂ ಬದುಕಿರುವದರಂತೆಯೇ ಓದಲ್ಪಡುವದು. ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿದ ನಿರಪಾಯ ಜೀವಿಯು ಅಪರಾಧಿಯಂತೆ ಕಾಣಬಹುದು. ಔಷಧಕ್ಕೆ ಬಗ್ಗದ ಗುಣವನ್ನು ತೋರಿಸುವ ಅಕ್ಷರಗಳು ಇದ್ದ ಮಾತ್ರಕ್ಕೆ ಆ ಗುಣವು ಕೆಲಸಮಾಡುತ್ತಿದೆ ಎಂದಾಗಲಿ, ಇಲ್ಲದ ಮಾತ್ರಕ್ಕೆ ಔಷಧವು ತಪ್ಪದೆ ಫಲಿಸುವದೆಂದಾಗಲಿ ನಿಶ್ಚಯವಿಲ್ಲ. ಒಬ್ಬನ ಕುಲವನ್ನು ತಿಳಿದವನು ಅವನ ನಡತೆಯನ್ನು ತಿಳಿದಂತಾಗಲಿಲ್ಲ. ಆದಕಾರಣ ಬ್ಯಾಕ್ಟೀರಿಯವನ್ನು ಬೆಳೆಸಿ ಔಷಧದ ಎದುರಿಗಿಟ್ಟು ನೋಡುವ ಹಳೆಯ ಪರೀಕ್ಷೆಯನ್ನು ಬಿಡಲಾಗದು. ಆದರೆ ತಿಳುವಳಿಕೆಯು ಅಪೂರ್ಣವೆಂಬದು ಅದನ್ನು ತಳ್ಳಿಬಿಡುವದಕ್ಕೆ ಕಾರಣವಲ್ಲ. ತಿಳಿದಷ್ಟರ ಮಟ್ಟಿಗೆ ನಡೆದು, ಹೆಚ್ಚು ತಿಳಿದಾಗ ತಿದ್ದಿಕೊಳ್ಳುವದಕ್ಕೆ ಕಾರಣ.

ಎರಡನೆಯದು: ಇಷ್ಟು ಖರ್ಚಿನ ಯಂತ್ರವು ಹಳ್ಳಿಯ ಬಡವನಿಗೆ ಏನು ಪ್ರಯೋಜನ? ರಕ್ತದ ಕಲ್ಚರಿಗೇ ಗತಿಯಿಲ್ಲದ ಆಸ್ಪತ್ರೆಗಳು ಇರುವಾಗ, ಅಕ್ಷರ ಓದುವ ಯಂತ್ರಕ್ಕೆ ಹಣ ಸುರಿಯುವದು ಹಸಿದವನಿಗೆ ಬೆಳ್ಳಿಯ ತಟ್ಟೆ ಕೊಟ್ಟ ಹಾಗಲ್ಲವೋ? ಇದಕ್ಕೆ ಉತ್ತರವಾಗಿ ಹೇಳತಕ್ಕದ್ದೇನಂದರೆ, ಮೊದಲು ಬೇಕಾದದ್ದು ಮೊದಲು ಆಗಲಿ. ಸಾಬೂನೂ ನೀರೂ, ತೊಳೆದ ಕೈಯೂ, ಕಲ್ಚರ್ ಬಾಟಲಿಯೂ ತಾಲೂಕು ಆಸ್ಪತ್ರೆಗೆ ಮುಟ್ಟುವದು ಮೊದಲನೆಯ ನ್ಯಾಯ. ಹೊಣೆಯು ಶಕ್ತಿಯನ್ನು ಅನುಸರಿಸುವದರಿಂದ, ಯಂತ್ರವಿಲ್ಲದ ವೈದ್ಯನು ಅದು ಇಲ್ಲದ್ದಕ್ಕಾಗಿ ದೂಷಿಸಲ್ಪಡಲಾರನು. ಆದರೆ ಬಾಟಲಿಯು ಕೈಯಲ್ಲಿದ್ದು ರಕ್ತ ತೆಗೆಯದೆ ಔಷಧ ಚುಚ್ಚುವವನು, ಫಲಿತಾಂಶವು ಬಂದ ಮೇಲೆಯೂ ಅದನ್ನು ತೆರೆದು ನೋಡದವನು, ಯಂತ್ರವಿಲ್ಲವೆಂಬ ನೆಪವನ್ನು ಹೇಳಕೂಡದು.

ಈ ವಿಚಾರವು ವೈದ್ಯರಿಗೆ ಮಾತ್ರ ಸೇರಿದ್ದೆಂದು ನಾವು ನೆಮ್ಮದಿಯಾಗಿರಬಾರದು. ನಮ್ಮ ಕೈಯಲ್ಲಿಯೂ ತೂಬುಗಳಿವೆ. ಮೂಗು ಸೋರಿದ ಮಾತ್ರಕ್ಕೆ ಔಷಧದ ಅಂಗಡಿಗೆ ಹೋಗಿ ಎರಡು ಬಲವಾದ ಗುಳಿಗೆಗಳನ್ನು ಕೇಳಿ ತರುವವನು ಯಾವ ಬೆಂಕಿಯೂ ಇಲ್ಲದಾಗಲೇ ತೂಬನ್ನು ಎತ್ತುವವನು. ಅನೇಕ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದ್ದನ್ನು ರೋಗಿಯ ಹೆಸರಿನೊಂದಿಗೆ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದೂ 2013ರಲ್ಲಿ ಸರಕಾರವು ಎಚ್-1 ಎಂಬ ಪಟ್ಟಿಯ ಮೂಲಕ ಕಟ್ಟಳೆ ಮಾಡಿತು. ಆದರೆ ಕೇಳುವವನಿದ್ದರೆ ಕೊಡುವವನೂ ಇರುವನು. ಅಲ್ಲದೆ, ಹೀಗೆ ಗುಳಿಗೆ ನುಂಗಿ ಆಸ್ಪತ್ರೆಗೆ ಬಂದವನ ರಕ್ತದಲ್ಲಿ ಬ್ಯಾಕ್ಟೀರಿಯವು ಅರ್ಧ ಸತ್ತು, ಬಾಟಲಿಯಲ್ಲಿ ಬೆಳೆಯದೆ, ತನ್ನ ಹೆಸರನ್ನು ಮರೆಮಾಡಿಕೊಳ್ಳಬಹುದು. ಆಗ ವೈದ್ಯನು ಕತ್ತಲಲ್ಲಿಯೇ ಉಳಿಯುವನು. ದೀಪವನ್ನು ಆರಿಸಿದವರು ನಾವೇ.

ಆದದರಿಂದ ಮನೆಯಲ್ಲಿ ಯಾರಾದರೂ ನಡುಗುವ ಜ್ವರದಿಂದ ಏದುಸಿರು ಬಿಟ್ಟು ಮಂಕಾದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಮುಂಚೆ ಏನೇನು ಗುಳಿಗೆ ಕೊಟ್ಟಿರೋ ಅದನ್ನು ನಾಚದೆ ಹೇಳಿರಿ; ಗುಳಿಗೆಯ ಕಾಗದವು ಉಳಿದಿದ್ದರೆ ಒಯ್ಯಿರಿ. ಔಷಧದ ಮುಂಚೆ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರಿನಂತೆ ರಕ್ತ ತೆಗೆಯುವಾಗ, ಇದ್ದ ರಕ್ತವನ್ನೂ ಹೀರಿಬಿಟ್ಟರೆಂದು ಗಲಾಟೆ ಮಾಡಬೇಡಿರಿ. ಬ್ಯಾಕ್ಟೀರಿಯಗಳು ವಿರಳವಾಗಿರುವದರಿಂದಲೇ ಅಷ್ಟು ರಕ್ತ ಬೇಕು, ವಯಸ್ಕನಿಗೆ ಅಷ್ಟು ಹೋದರೆ ಹಾನಿಯಿಲ್ಲ, ಕೂಸಿನಿಂದ ಬಹಳ ಕಡಿಮೆ ತೆಗೆಯುತ್ತಾರೆ. ಮೂರನೆಯ ದಿನ ವೈದ್ಯರು ಬಲವಾದ ಔಷಧವನ್ನು ನಿಲ್ಲಿಸಿ ಅಗ್ಗದ ಔಷಧಕ್ಕೆ ಬದಲಿಸಿದರೆ, ನಮ್ಮನ್ನು ಬಡವರೆಂದು ತಾತ್ಸಾರ ಮಾಡಿದರೆಂದು ನೆನಸಬೇಡಿರಿ, ಹೆಸರು ತಿಳಿದಿರಬಹುದು. ತಿಳಿಯದಿದ್ದರೆ, "ರಕ್ತದ ಪರೀಕ್ಷೆಯಲ್ಲಿ ಏನು ಬಂತು, ಡಾಕ್ಟರೇ?" ಎಂದು ಮರ್ಯಾದೆಯಿಂದ ಕೇಳಿರಿ. ಅಷ್ಟು ಕೇಳುವದೂ ಒಂದು ಸೇವೆಯೇ.

ಅರಿಯುವ ಮುಂಚೆ ಮಾಡುವದು ನ್ಯಾಯವೋ ಎಂದು ಆರಂಭದಲ್ಲಿ ಕೇಳಿದೆವು. ಪ್ರಾಣಾಪಾಯವಿರುವಲ್ಲಿ ನ್ಯಾಯವೇ. ಆದರೆ ಹಾಗೆ ಮಾಡಿದವನು ಆ ಗಳಿಗೆಯಿಂದಲೇ ಎರಡು ಸಾಲಗಳಿಗೆ ಒಳಗಾದವನು: ಸಾಧ್ಯವಾದಷ್ಟು ಬೇಗನೆ ತಿಳಿದುಕೊಳ್ಳುವದು ಒಂದು, ತಿಳಿದ ಮೇಲೆ ತನ್ನ ಕೈಯನ್ನು ತಿದ್ದಿಕೊಳ್ಳುವದು ಇನ್ನೊಂದು. ಮೊದಲನೆಯ ಸಾಲವನ್ನು ತೀರಿಸುವದಕ್ಕೆ ಯಂತ್ರವು ಸಹಾಯಮಾಡಬಲ್ಲದು. ಎರಡನೆಯದನ್ನು ಪ್ರತಿಯೊಬ್ಬನು ತನ್ನ ಮನಸ್ಸಾಕ್ಷಿಗೆ ಅಂಜಿ, ತನಗೆ ಮುಖಪರಿಚಯವೇ ಇಲ್ಲದ ನೆರೆಯವನಿಗೋಸ್ಕರ, ತಾನೇ ತೀರಿಸತಕ್ಕದ್ದು.